‘ಸುಮಾರು ವರ್ಷ’ ಅಂದರೆ ಎಷ್ಟು ವರ್ಷ, ಡಾಕ್ಟ್ರೇ?

ವಿಮಾ ಕಂಪನಿಗಳಲ್ಲೂ ಅವುಗಳ ಪರವಾಗಿ ಕೆಲಸ ಮಾಡುವ ಟಿಪಿಎ ಕಚೇರಿಗಳಲ್ಲೂ ಕೂತು ಕ್ಲೇಮು ನೋಡುವ ವೈದ್ಯರಿಗೆ,



ನಿಮಗೆ ನನ್ನ ಪರಿಚಯವಿಲ್ಲ. ನಿಮ್ಮಲ್ಲಿ ಒಬ್ಬರ ಮುಖವನ್ನೂ ನಾನು ನೋಡಿಲ್ಲ. ಹಾಗಿದ್ದೂ ಹದಿನಾಲ್ಕು ವರ್ಷ, ದಿನಕ್ಕೆ ಹತ್ತು ಹನ್ನೆರಡು ಸಲ ನಾವು ಮಾತಾಡಿದ್ದೇವೆ. ಅದನ್ನು ಮಾತು ಅನ್ನಬಹುದಾದರೆ. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ಚಿಕಿತ್ಸೆಗೆ ಮೊದಲೇ ಕಂಪನಿಯ ಒಪ್ಪಿಗೆ ಕೇಳುವ ಪ್ರೀ-ಆಥ್ ಫಾರಂ ತುಂಬಿ, ಕೇಸ್ ಶೀಟು ಸ್ಕ್ಯಾನ್ ಮಾಡಿ, ನಿಮ್ಮ ಪೋರ್ಟಲಿಗೆ ಏರಿಸಿ, ಪರದೆ ನೋಡುತ್ತಾ ಕೂರುತ್ತಿದ್ದವನು ನಾನು. ಆ ಕಡೆ ಕೂತು ‘ಅಪ್ರೂವ್ಡ್’, ‘ಕ್ವೆರಿ’, ‘ಡಿನೈಡ್’ ಮೂರರಲ್ಲಿ ಒಂದನ್ನು ಒತ್ತುತ್ತಿದ್ದವರು ನೀವು. ನೀವು ಒತ್ತಿದ್ದನ್ನು ಗಾಜಿನ ಕಿಂಡಿಯ ಆಚೆ ನಿಂತವರಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಹೋದ ವರ್ಷ ಆ ಕುರ್ಚಿ ಬಿಟ್ಟೆ. ಇನ್ನು ನನ್ನಿಂದ ಆಸ್ಪತ್ರೆಯ ಬಿಲ್ಲು ನಿಲ್ಲುವ ಭಯವಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಕಂಪನಿಯ ದೊಡ್ಡವರಿಗೆ ಬರೆಯಬಹುದಿತ್ತು. ಅವರಿಗೆ ಬರೆಯುವವರು ಬಹಳ ಜನ ಇದ್ದಾರೆ. ನೀವು ಡಾಕ್ಟರು. ಹಾಗಾಗಿ ನಿಮಗೆ.

ಮೊದಲು ಒಂದು ಪದದ ವಿಷಯ ಹೇಳಬೇಕು. ‘ಸುಮಾರು.’

2023ರಲ್ಲಿ ಒಂದು ರಾತ್ರಿ ನಂಜನಗೂಡು ತಾಲ್ಲೂಕಿನ ಕಡೆಯಿಂದ ಐವತ್ತನಾಲ್ಕು ವರ್ಷದ ಒಬ್ಬ ರೈತರನ್ನು ಕರೆತಂದರು. ಎಡಗಡೆ ಲಕ್ವ ಹೊಡೆದಿತ್ತು, ಮಾತು ತೊದಲುತ್ತಿತ್ತು. ಜೊತೆಗೆ ಬಂದಿದ್ದವನು ಅಣ್ಣನ ಮಗ. ಎಮರ್ಜೆನ್ಸಿಯಲ್ಲಿದ್ದ ಡ್ಯೂಟಿ ಡಾಕ್ಟರು ಹೊರ ರಾಜ್ಯದ ಹುಡುಗ. ಕನ್ನಡ ಆಗತಾನೆ ಕಲಿಯುತ್ತಿದ್ದ, ಪಾಪ. "ಬಿ.ಪಿ. ಇದೆಯಾ? ಎಷ್ಟು ವರ್ಷ?" ಎಂದು ಕೇಳಿದ. "ಸುಮಾರ್ ವರ್ಸದಿಂದ ಅದೆ ಸಾ, ಗುಳ್ಗೆ ತಗತಾವ್ರೆ" ಎಂದ ಅಣ್ಣನ ಮಗ.

ನಮ್ಮ ಕಡೆ ‘ಸುಮಾರು’ ಅಂದರೆ ಅಂದಾಜು ಅಂತಲೂ ಹೌದು, ಬಹಳ ಅಂತಲೂ ಹೌದು, ‘ನನಗೆ ಸರಿಯಾಗಿ ಗೊತ್ತಿಲ್ಲ, ಮೊದಲು ಚಿಕ್ಕಪ್ಪನನ್ನು ನೋಡಿ’ ಅಂತಲೂ ಹೌದು. ಆ ಸರಿರಾತ್ರಿಯಲ್ಲಿ ಅದರ ಅರ್ಥ ಮೂರನೆಯದು. ಡ್ಯೂಟಿ ಡಾಕ್ಟರು ಕೇಸ್ ಶೀಟಿನಲ್ಲಿ ಬರೆದದ್ದು: ರಕ್ತದೊತ್ತಡ, ಹತ್ತು ವರ್ಷದಿಂದ.

ಪಾಲಿಸಿ ಮಾಡಿಸಿದ್ದು 2021ರಲ್ಲಿ, ಬ್ಯಾಂಕಿನಲ್ಲಿ, ಸಾಲದ ಕಾಗದಗಳ ಜೊತೆಗೇ. ಹತ್ತು ವರ್ಷದ ಬಿ.ಪಿ.ಯನ್ನು ಮುಚ್ಚಿಟ್ಟು ಪಾಲಿಸಿ ತೆಗೆದುಕೊಂಡಿದ್ದಾರೆ ಎಂದು ಎರಡನೆಯ ದಿನ ಸಂಜೆ ನಿಮ್ಮಿಂದ ಕಾಗದ ಬಂತು. ಕ್ಯಾಶ್‌ಲೆಸ್ ಇಲ್ಲ. ಆಮೇಲೆ ಪಾಲಿಸಿಯೇ ರದ್ದು. ಐದನೆಯ ದಿನ, ಇನ್ನೂ ಇರಬೇಕಾಗಿದ್ದ ಮನುಷ್ಯನನ್ನು ಮನೆಯವರು ಬರೆದುಕೊಟ್ಟು ಕರೆದುಕೊಂಡು ಹೋದರು.

ನಿಜ ಸಂಗತಿ ತಿಳಿದದ್ದು ಆಮೇಲೆ. ಅವರಿಗೆ ಬಿ.ಪಿ. ಮೊದಲು ಕಂಡದ್ದು ಊರಿನಲ್ಲಿ ಆಶಾ ಕಾರ್ಯಕರ್ತೆ ಕರೆದ ತಪಾಸಣೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ರಿಜಿಸ್ಟರಿನಲ್ಲಿ ದಿನಾಂಕ ಇತ್ತು: ಪಾಲಿಸಿ ಮಾಡಿಸಿ ಏಳು ತಿಂಗಳಾದ ಮೇಲೆ. ಆ ಪುಟದ ನಕಲು ತೆಗೆಸಲು ಹುಡುಗ ನಾಲ್ಕು ಸಲ ಅಲೆದ. ಅದನ್ನು ಇಟ್ಟುಕೊಂಡು ಕಂಪನಿಗೆ ಬರೆದೆವು, ಒಂದು ತಿಂಗಳು ಕಾದೆವು, ಆಮೇಲೆ ಬೆಂಗಳೂರು ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ. ತೀರ್ಪು ಇವರ ಪರವಾಗಿಯೇ ಆಯಿತು. ಆಸ್ಪತ್ರೆಗೆ ಸೇರಿದ ದಿನದಿಂದ ಲೆಕ್ಕ ಹಾಕಿದರೆ ಹಣ ಕೈಗೆ ಬಂದದ್ದು ಹನ್ನೊಂದನೆಯ ತಿಂಗಳು. ಲಕ್ವ ಹೊಡೆದವರಿಗೆ ಮೊದಲ ಮೂರು ತಿಂಗಳ ಫಿಸಿಯೋಥೆರಪಿ ಅಂದರೆ ಏನು ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆ ಮೂರು ತಿಂಗಳು ಅವರು ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಎಡಗೈ ಈಗಲೂ ಮಡಿಲಿನಲ್ಲೇ ಇರುತ್ತದೆ.

ನಿಮ್ಮ ದಾಖಲೆಯಲ್ಲಿ ಇದು ಏನಾಗಿ ಕೂತಿದೆ ಎಂದು ನಾನು ಊಹಿಸಬಲ್ಲೆ: ‘ಸೆಟಲ್ಡ್.’ ಅಂಕಿಅಂಶದಲ್ಲಿ ಕಂಪನಿಯ ಹೆಸರಿಗೆ ಒಂದು ಒಳ್ಳೆಯ ಅಂಕ.

ಆ ಸಂಜೆ ಆ ಹತ್ತು ವರ್ಷ ಎಂಬ ಬರಹ ನೋಡಿದ ಡಾಕ್ಟರು ಒಂದು ಫೋನು ಮಾಡಿದ್ದರೆ ಸಾಕಿತ್ತು. ವಾರ್ಡಿನಲ್ಲಿ ಹೆಂಡತಿ ಇದ್ದರು. ‘ಯಾವಾಗಿಂದಮ್ಮ ಗುಳಿಗೆ?’ ಅಂತ ಕೇಳಿದ್ದರೆ ‘ಆಶಾ ಅಮ್ಮ ಹೇಳಿದ ಮೇಲೆ’ ಅಂತಲೇ ಹೇಳುತ್ತಿದ್ದರು. ನಾವೂ ಕೇಳಲಿಲ್ಲ, ನೀವೂ ಕೇಳಲಿಲ್ಲ. ನಮ್ಮ ಡ್ಯೂಟಿ ಡಾಕ್ಟರಿಗೆ ಎದುರಿಗೆ ಲಕ್ವ ಹೊಡೆದು ತೊದಲುವ ರೋಗಿ ಇದ್ದ ಎಂಬ ನೆಪವಾದರೂ ಇದೆ.

ನಿಮ್ಮನ್ನು ಕಂಡರೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನೀವು ಯಾರು ಎಂಬುದೂ ನನಗೆ ಗೊತ್ತು. ನಿಮ್ಮಲ್ಲಿ ಎಂ.ಬಿ.ಬಿ.ಎಸ್. ಓದಿದವರಿದ್ದೀರಿ, ಆಯುರ್ವೇದ, ಹೋಮಿಯೋಪತಿ, ದಂತವೈದ್ಯ ಓದಿದವರೂ ಇದ್ದೀರಿ. ಕ್ಲಿನಿಕ್ ಹಾಕಲು ದುಡ್ಡಿಲ್ಲ, ಸೀಟಿನ ಸಾಲ ತೀರಿಲ್ಲ, ಮಗು ಸಣ್ಣದು, ರಾತ್ರಿ ಪಾಳಿ ಇಲ್ಲದ ಕೆಲಸ ಬೇಕು. ಹೆಡ್‌ಫೋನು ಹಾಕಿಕೊಂಡು ದಿನಕ್ಕೆ ಇಷ್ಟು ಫೈಲು ಮುಗಿಸಬೇಕೆಂಬ ಗುರಿ. ಒಮ್ಮೆ ಒಬ್ಬ ಹುಡುಗಿ, ನಿಮ್ಮವಳೇ, ಫೋನಿನಲ್ಲಿ ಮೆಲ್ಲಗೆ ಕನ್ನಡಕ್ಕೆ ತಿರುಗಿ, "ಸಾರ್, ನನಗೂ ಇದು ಪಾಸ್ ಆಗಬೇಕು ಅನ್ನಿಸ್ತಾ ಇದೆ, ಆದರೆ ಮೇಲಿಂದ ವಾಪಸ್ ಬರತ್ತೆ, ನೀವು ಇನ್ನೊಂದು ಲೆಟರ್ ಹಾಕಿ" ಎಂದಿದ್ದಳು. ಹೆಸರು ಕೇಳಿದೆ. ಹೇಳಲಿಲ್ಲ. ಹೇಳುವಂತಿಲ್ಲವಂತೆ.

ಹೆಸರಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರಗಳಲ್ಲಿ ನನಗೆ ಬಾಯಿಪಾಠವಾಗಿರುವ ಮಾತುಗಳು ಕೆಲವಿವೆ. ಒಂದು: ಕ್ಯಾಶ್‌ಲೆಸ್ ನಿರಾಕರಿಸಿದ್ದೇವೆ ಎಂದರೆ ಚಿಕಿತ್ಸೆಯನ್ನು ನಿರಾಕರಿಸಿದ್ದೇವೆ ಎಂದಲ್ಲ, ರೋಗಿ ಹಣ ಕಟ್ಟಿ, ಬಿಲ್ಲು ಇಟ್ಟು, ಆಮೇಲೆ ಕೇಳಿಕೊಳ್ಳಬಹುದು. ಕಾನೂನಿನ ಲೆಕ್ಕದಲ್ಲಿ ಇದು ಸರಿಯಾದ ಮಾತು. ಕೌಂಟರಿನ ಈಚೆ ನಿಂತು ಇದನ್ನು ಹೇಳಿ ನೋಡಬೇಕು. ಕಟ್ಟಲು ಮೂರು ಲಕ್ಷ ಇದ್ದವರು ಕ್ಯಾಶ್‌ಲೆಸ್‌ಗಾಗಿ ಬೆಳಿಗ್ಗೆಯಿಂದ ನನ್ನ ಕಿಂಡಿಗೆ ಮೂಗು ತಾಗಿಸಿ ನಿಲ್ಲುವುದಿಲ್ಲ. ನೀವು ಇಲ್ಲವೆಂದ ಗಂಟೆಯಿಂದ ಅವರ ಫೋನುಗಳು ಶುರುವಾಗುತ್ತವೆ: ಷಡ್ಡಕನಿಗೆ, ಸೊಸೈಟಿ ಸೆಕ್ರೆಟರಿಗೆ, ಚೀಟಿ ನಡೆಸುವವರಿಗೆ. ಕಿವಿಯ ಓಲೆ ಗಿರವಿ ಅಂಗಡಿಗೆ ಹೋಗುತ್ತದೆ. ಅಷ್ಟಕ್ಕೂ ಆಗದಿದ್ದರೆ ‘ಸರಿ, ಊರಲ್ಲೇ ತೋರಿಸ್ಕತೀವಿ ಬುಡಿ’ ಅನ್ನುತ್ತಾರೆ. ಈ ಕೊನೆಯ ಮಾತಿಗೆ ಹೆದರಬೇಕು. ಅದರ ಅರ್ಥ ಎಲ್ಲೂ ತೋರಿಸುವುದಿಲ್ಲ ಎಂದು.

ಇನ್ನೊಂದು, ನಿಮ್ಮ ಹೊರಗಿಡುವ ಪಟ್ಟಿಯ ನಾಲ್ಕನೆಯ ನಂಬರು. ಪಾಲಿಸಿಗಳಲ್ಲಿ ಯಾವುದಕ್ಕೆ ಹಣ ಸಿಗುವುದಿಲ್ಲ ಎಂಬ ಪಟ್ಟಿಗೆ ಎಲ್ಲ ಕಂಪನಿಗಳಿಗೂ ಒಂದೇ ಸಂಖ್ಯೆ ಕೊಟ್ಟಿದ್ದಾರೆ: 01 ಮೊದಲೇ ಇದ್ದ ಕಾಯಿಲೆ, 02 ಕಾದ ಮೇಲಷ್ಟೇ ಹಣ ಸಿಗುವ ಕಾಯಿಲೆಗಳು, 03 ಮೊದಲ ಮೂವತ್ತು ದಿನ, 04 ಬರೀ ತಪಾಸಣೆಗಾಗಿ ಸೇರಿದ್ದು. ಈ ನಾಲ್ಕನೆಯದನ್ನು ಇಟ್ಟದ್ದು, ಸುಮ್ಮನೆ ಮಾಸ್ಟರ್ ಚೆಕಪ್ ಮಾಡಿಸಲು ಬಂದು ಮಲಗುವವರಿಗೆ. ನ್ಯಾಯವೇ. ಆದರೆ ಅದನ್ನು ನೀವು ಯಾರ ಮೇಲೆ ಹಾಕಿದಿರಿ? ಬೆಳಗಿನ ಜಾವ ಎದೆ ಹಿಡಿದುಕೊಂಡು ಬೆವೆತು ಬಂದ ಶಾಲಾ ಬಸ್ಸಿನ ಡ್ರೈವರ್ ಮೇಲೆ. ಇ.ಸಿ.ಜಿ.ಯಲ್ಲಿ ವ್ಯತ್ಯಾಸ ಇತ್ತು, ಕಾರ್ಡಿಯಾಲಜಿಸ್ಟು ಒಳಗೆ ಹಾಕಿಕೊಂಡರು, ಆಂಜಿಯೋಗ್ರಾಂ ಮಾಡಿದರು, ಪುಣ್ಯಕ್ಕೆ ಬ್ಲಾಕ್ ಇರಲಿಲ್ಲ. ಬ್ಲಾಕ್ ಸಿಗಲಿಲ್ಲವಾದ್ದರಿಂದ ಇದು ತಪಾಸಣೆಗಾಗಿ ಸೇರಿದ್ದು ಎಂದಿರಿ. ಸಿಕ್ಕಿದ್ದರೆ ಕೊಡುತ್ತಿದ್ದಿರಿ. ಹಾಗಾದರೆ ಬೆಳಿಗ್ಗೆ ನಾಲ್ಕು ಗಂಟೆಗೆ ಆ ಮನುಷ್ಯ ತನ್ನ ಎದೆಯೊಳಗೆ ಏನಿದೆ ಎಂದು ತಾನೇ ನೋಡಿಕೊಂಡು ಬರಬೇಕಿತ್ತೇ?

ಆತ ಹಣ ಕಟ್ಟಿದರು, ಹೋದರು. ಮರುವರ್ಷ ಇನ್ನೊಮ್ಮೆ ಎದೆ ನೋವು ಬಂದಾಗ ಗ್ಯಾಸ್ಟ್ರಿಕ್ ಗುಳಿಗೆ ನುಂಗಿ ಮಧ್ಯಾಹ್ನದ ತನಕ ಕಾದರಂತೆ. ಆ ಸಲವೂ ದೊಡ್ಡದೇನೂ ಇರಲಿಲ್ಲ, ಬಚಾವಾದರು. ನನಗೆ ಅವರೇ ನಗುತ್ತಾ ಹೇಳಿದ್ದು: "ಆ ಸಲ ಬೇಗ ಬಂದು ಮೂವತ್ತೆಂಟು ಸಾವಿರ ದಂಡ ಕಟ್ಟಿದ್ನಲ್ಲ ಸಾರ್." ಅವರು ದಂಡ ಎಂದರು. ನಾನು ಆ ಪದವನ್ನು ಇನ್ನೂ ಮರೆತಿಲ್ಲ.

ಡೆಂಗೆಯದೂ ಹೀಗೆಯೇ. 2024ರಲ್ಲಿ ನಮ್ಮ ಸರ್ಕಾರ ಅದನ್ನು ಸಾಂಕ್ರಾಮಿಕ ಎಂದು ಘೋಷಿಸಿದ ಮಳೆಗಾಲದಲ್ಲಿ, ಪ್ಲೇಟ್‌ಲೆಟ್ ದಿನದಿನಕ್ಕೂ ಇಳಿಯುತ್ತಿದ್ದ ಹುಡುಗರ ಫೈಲಿನ ಮೇಲೆ ‘ಹೊರರೋಗಿಯಾಗಿಯೇ ನೋಡಬಹುದಿತ್ತು’ ಎಂದು ಬರೆದು ಕಳಿಸಿದಿರಿ. ಗುಣವಾಗಿ ಮನೆಗೆ ಹೊರಟವನ ಡಿಸ್ಚಾರ್ಜ್ ಸಮ್ಮರಿ ಓದಿ ಹಾಗೆ ಹೇಳುವುದು ಬಹಳ ಸುಲಭ.

ಇನ್ನು ಕೊಳ್ಳೇಗಾಲದ ಅಮ್ಮನ ವಿಷಯ. ಇದನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ.

ರೇಷ್ಮೆ ಸೀರೆಗೆ ಕುಚ್ಚು ಕಟ್ಟಿ, ರವಿಕೆ ಹೊಲಿದು ಮಗನನ್ನು ಓದಿಸಿದ ಹೆಂಗಸು. ಮಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಅಮ್ಮನನ್ನೂ ಆಫೀಸಿನ ಗ್ರೂಪ್ ಪಾಲಿಸಿಗೆ ಸೇರಿಸಿದ್ದ. ಸ್ತನ ಕ್ಯಾನ್ಸರು. ಆಪರೇಷನ್ನಿಗೆ ಅಪ್ರೂವಲ್ ಬಂತು, ಕಿಮೋಗೆ ಬಂತು. ಅವರದು ಹರ್-2 ಪಾಸಿಟಿವ್ ಗೆಡ್ಡೆ. ಕಿಮೋ ಮುಗಿದ ಮೇಲೂ ಮೂರು ವಾರಕ್ಕೊಂದು ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್, ಒಟ್ಟು ಒಂದು ವರ್ಷ. ಕಿಮೋದ ಜೊತೆ ಆ ಇಂಜೆಕ್ಷನ್ ಇದ್ದ ತನಕ ಪಾಸಾಗುತ್ತಿತ್ತು. ಇಂಜೆಕ್ಷನ್ ಒಂದೇ ಆದ ತಿಂಗಳು ನಿಮ್ಮಿಂದ ಬಂತು: ಇದು ಕಿಮೋಥೆರಪಿ ಅಲ್ಲ, ದಾಖಲಾಗುವ ಅಗತ್ಯವಿಲ್ಲ, ನಿರಾಕರಿಸಲಾಗಿದೆ.

ನಾನು ಅದನ್ನು ಅವರಿಗೆ ಓದಿ ಹೇಳಿದೆ. ಅವರು ಒಂದು ಡೋಸಿಗೆ ಎಷ್ಟು ಎಂದು ಕೇಳಿದರು, ಇನ್ನು ಎಷ್ಟು ಬಾಕಿ ಎಂದು ಕೇಳಿದರು, ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು. "ಆಯ್ತು ಸಾ" ಎಂದು ಚೀಲ ಎತ್ತಿಕೊಂಡು ಹೋದರು. ಅಪೀಲು ಹಾಕೋಣ, ಮಗನ ಸಹಿ ಬೇಕು ಎಂದು ನಾನು ಫೋನು ಮಾಡಿದರೆ ಎತ್ತಲಿಲ್ಲ. ಮೂರು ವಾರ ಕಳೆಯಿತು, ಆರು ಕಳೆಯಿತು. ಕೊನೆಗೆ ಮಗನ ನಂಬರು ಹುಡುಕಿ ಮಾಡಿದೆ. ಅವನು ಹೇಳಿದ್ದು ಕೇಳಿ ನನಗೆ ಕೈಕಾಲು ತಣ್ಣಗಾಯಿತು: "ಇಂಜೆಕ್ಷನ್ ಎಲ್ಲ ಮುಗೀತು, ಇನ್ನು ಬೇಡ ಅಂದ್ರಂತಲ್ಲ ಸಾರ್ ಡಾಕ್ಟ್ರು? ಅಮ್ಮ ಹೇಳಿದ್ರು." ಅವನ ಮದುವೆ ಗೊತ್ತಾಗಿತ್ತು. ಅವನು ಸಾಲ ಮಾಡಬಾರದೆಂದು ಆಕೆ ಆ ಸುಳ್ಳು ಹೇಳಿದ್ದರು.

ಅಪೀಲು ಬರೆದದ್ದು ನಾನೇ. ವಿಮಾ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ 2019ರಲ್ಲೇ ಹೊರಡಿಸಿದ ಮಾರ್ಗಸೂಚಿಯಲ್ಲಿ ಹನ್ನೆರಡು ಆಧುನಿಕ ಚಿಕಿತ್ಸೆಗಳ ಪಟ್ಟಿ ಇದೆ, ಅವನ್ನು ಹೊರಗಿಡುವಂತಿಲ್ಲ ಎಂದಿದೆ. ಇಂಜೆಕ್ಷನ್ ರೂಪದಲ್ಲಿ ಕೊಡುವ ಮೊನೋಕ್ಲೋನಲ್ ಆ್ಯಂಟಿಬಾಡಿ ಆ ಪಟ್ಟಿಯಲ್ಲೇ ಇದೆ. ಟ್ರಾಸ್ಟುಜುಮ್ಯಾಬ್ ಅಂದರೆ ಅದೇ. ಹೆಸರಿನ ಕೊನೆಯ ‘ಮ್ಯಾಬ್’ ಎಂಬ ಎರಡಕ್ಷರ ನೋಡಿದರೆ ಕೌಂಟರಿನ ಗುಮಾಸ್ತನಾದ ನನಗೇ ತಿಳಿಯುತ್ತದೆ. ಇಷ್ಟು ಬರೆದು ಕಳಿಸಿದ್ದಕ್ಕೆ ನಾಲ್ಕು ದಿನದಲ್ಲಿ ಅಪ್ರೂವಲ್ ಬಂತು. ವಿಷಾದವಿಲ್ಲ, ಕ್ಷಮೆಯಿಲ್ಲ, ಮೊದಲಿನ ಪತ್ರದ ಮಾತೇ ಇಲ್ಲ. ನಡುವೆ ಮೂರು ಡೋಸು ತಪ್ಪಿತ್ತು, ಒಂಬತ್ತು ವಾರ.

ಎರಡು ವರ್ಷದ ಮೇಲೆ ಅವರ ಲಿವರಿನಲ್ಲಿ ಕ್ಯಾನ್ಸರು ಕಾಣಿಸಿಕೊಂಡಿತು. ಆ ಒಂಬತ್ತು ವಾರದಿಂದಲೇ ಹಾಗಾಯಿತು ಎಂದು ಯಾವ ಡಾಕ್ಟರೂ ಬರೆದುಕೊಡುವುದಿಲ್ಲ. ನಾನೂ ಹೇಳುವುದಿಲ್ಲ, ಎಲ್ಲ ಡೋಸೂ ಸರಿಯಾಗಿ ಆದವರಿಗೂ ಬರುತ್ತದೆ ಎಂದು ಗೊತ್ತು. ಆದರೆ ಹದಿನಾಲ್ಕು ವರ್ಷದಲ್ಲಿ ನನಗೆ ಅರ್ಥವಾದದ್ದು ಇದೇ: ನೀವು ಇಲ್ಲವೆಂದದ್ದರಿಂದ ಆಗುವ ಕೇಡಿಗೆ ಕಾಗದ ಇರುವುದಿಲ್ಲ. ಬಂದವರಿಗೆ ಫೈಲು ಇದೆ. ಬಾರದೆ ಉಳಿದವರಿಗೆ ಇಲ್ಲ. ಆಪರೇಷನ್ನಿನಲ್ಲಿ ಸರ್ಜನ್ನಿನ ಕೈತಪ್ಪಿದರೆ ಗಾಯವೇ ಸಾಕ್ಷಿ ಹೇಳುತ್ತದೆ, ಕೇಸು ಹಾಕಬಹುದು. ನಿಮ್ಮ ಕೈ ತಪ್ಪಿದರೆ ಆ ರೋಗಿ ಬಸ್ಸು ಹತ್ತಿ ಊರಿಗೆ ಹೋಗಿರುತ್ತಾರೆ.

ನಮ್ಮ ಕಡೆಯ ಪಾಪವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಇಷ್ಟು ಹೊತ್ತಿಗೆ ಅದನ್ನೇ ಅಂದುಕೊಳ್ಳುತ್ತಿರುತ್ತೀರಿ. ರಿಸೆಪ್ಷನ್ನಿನಲ್ಲಿ ಮೊದಲು ಕೇಳುವ ಪ್ರಶ್ನೆ ‘ಇನ್ಶೂರೆನ್ಸ್ ಇದೆಯಾ?’ ಇದೆ ಎಂದರೆ ರೂಮು ಬೇರೆ, ರೇಟು ಬೇರೆ. ಒಂದು ರಾತ್ರಿ ಸಾಕಾದವರನ್ನು ಎರಡು ರಾತ್ರಿ ಇರಿಸಿದ್ದು ನನಗೆ ಗೊತ್ತು. ಹತ್ತು ಗ್ಲೌಸಿನ ಜಾಗದಲ್ಲಿ ನಲವತ್ತು ಬರೆದ ಬಿಲ್ಲು ನನ್ನ ಕೈಯಿಂದಲೇ ನಿಮಗೆ ಬಂದಿದೆ. ನೀವು ಕತ್ತರಿಸಿದಿರಿ, ಸರಿಯಾಗಿಯೇ ಕತ್ತರಿಸಿದಿರಿ. ಕಾಯಿಲೆಯೇ ಇಲ್ಲದೆ ಕ್ಲೇಮು ಹಾಕುವ ಜಾಲಗಳೂ ಇವೆ. ಪಾಲಿಸಿ ಮಾಡಿಸುವ ಏಜೆಂಟರು ‘ಶುಗರ್ ಇದೆ ಅಂತ ಹಾಕೋದು ಬೇಡ ಬಿಡಿ, ಪ್ರೀಮಿಯಂ ಏರತ್ತೆ’ ಎಂದು ತಾವೇ ‘ಇಲ್ಲ’ಕ್ಕೆ ಗುರುತು ಹಾಕಿ ಸಹಿ ಮಾಡಿಸಿಕೊಳ್ಳುತ್ತಾರೆ. ಅಂಥವರ ಕ್ಲೇಮು ಬಂದಾಗ ನೀವು ಕಣ್ಣುಮುಚ್ಚಿ ಕೊಡಬೇಕು ಎಂದು ನಾನು ಹೇಳುತ್ತಿಲ್ಲ.

ಆದರೆ ಜಗಳ ಆಸ್ಪತ್ರೆಗೂ ಕಂಪನಿಗೂ ಇದ್ದು, ಏಟು ಮಂಚದ ಮೇಲಿದ್ದವರಿಗೆ ಬೀಳುವುದು ಯಾವ ನ್ಯಾಯ? ನಾವು ಹೆಚ್ಚು ಬರೆದರೆ ನಮ್ಮನ್ನು ಹಿಡಿಯಿರಿ, ಪಟ್ಟಿಯಿಂದ ತೆಗೆಯಿರಿ.

ನಿಯಮಗಳು ಇತ್ತೀಚೆಗೆ ರೋಗಿಯ ಕಡೆಗೆ ಒಂದಿಷ್ಟು ಬಾಗಿವೆ, ಅದನ್ನು ಒಪ್ಪಬೇಕು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ನಾಲ್ಕು ವರ್ಷ ಇದ್ದದ್ದು 2024ರಲ್ಲಿ ಮೂರಕ್ಕಿಳಿಯಿತು. ಐದು ವರ್ಷ ಬಿಡದೆ ಕಟ್ಟಿದ ಪಾಲಿಸಿಯನ್ನು, ಮೋಸ ಸಾಬೀತಾದ ಹೊರತು, ಏನೋ ಮುಚ್ಚಿಟ್ಟರು ಎಂದು ಪ್ರಶ್ನಿಸುವಂತಿಲ್ಲ. ಅದೇ ವರ್ಷ ಮೇ ತಿಂಗಳ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ, ಡಿಸ್ಚಾರ್ಜಿಗೆ ಮೂರು ಗಂಟೆ. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚು ಹಣ ಕೇಳಿದರೆ ಅದನ್ನು ಕಂಪನಿ ತನ್ನ ಷೇರುದಾರರ ದುಡ್ಡಿನಿಂದ ಕೊಡಬೇಕು. ರೋಗಿ ತೀರಿಕೊಂಡರೆ ದೇಹವನ್ನು ಕೂಡಲೇ ಬಿಟ್ಟುಕೊಡುವಂತೆ ಕ್ಲೇಮು ಮುಗಿಸಬೇಕು. ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸಕೂಡದು.

ಒಂದು ಗಂಟೆ ಎಂದದ್ದು ನೋಡಿ ಆ ದಿನ ನಮ್ಮ ಕೌಂಟರಿನಲ್ಲಿ ಸಿಹಿ ಹಂಚಬೇಕು ಅನ್ನಿಸಿತ್ತು. ಆಮೇಲೆ ತಿಳಿಯಿತು. ಐವತ್ತೈದನೆಯ ನಿಮಿಷಕ್ಕೆ ಒಂದು ಕ್ವೆರಿ ಬಂದರೆ ಗಡಿಯಾರ ಮತ್ತೆ ಸೊನ್ನೆಯಿಂದ. ಹಳೆಯ ಪ್ರಿಸ್ಕ್ರಿಪ್ಷನ್ ಕಳಿಸಿ. ಕಳಿಸಿದೆವು. ಮೊದಲ ಸಲ ತೋರಿಸಿದ ಡಾಕ್ಟರಿಂದ ಪತ್ರ ತನ್ನಿ. ಆ ಡಾಕ್ಟರು ತೀರಿಹೋಗಿ ಮೂರು ವರ್ಷ. ಹಾಗಾದರೆ ಹಾಗೆಂದು ಪ್ರಮಾಣಪತ್ರ. ನಾಲ್ಕು ಪ್ರಶ್ನೆ ಇದ್ದರೆ ನಾಲ್ಕನ್ನೂ ಒಟ್ಟಿಗೆ ಕೇಳಬಾರದೇ? ಒಂದೊಂದಾಗಿ ಕೇಳುವುದು ಯಾಕೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಐಆರ್‌ಡಿಎಐನದೇ 2023-24ರ ವರದಿಯ ಪ್ರಕಾರ ಆ ವರ್ಷ ಆರೋಗ್ಯ ವಿಮೆಯಲ್ಲಿ ಜನ ಕೇಳಿದ್ದು ಸುಮಾರು 1.17 ಲಕ್ಷ ಕೋಟಿ ರೂಪಾಯಿ; ಕಂಪನಿಗಳು ಕೊಟ್ಟದ್ದು ಸುಮಾರು 83 ಸಾವಿರ ಕೋಟಿ. ಪಾಲಿಸಿಯ ಶರತ್ತಿನಂತೆ ಕಡಿತ ಮಾಡಿದ್ದು ಸುಮಾರು 15 ಸಾವಿರ ಕೋಟಿ, ತಿರಸ್ಕರಿಸಿದ್ದು ಸುಮಾರು 11 ಸಾವಿರ ಕೋಟಿ. (ಇಲ್ಲಿ ‘ಸುಮಾರು’ ಅಂದರೆ ಅಂದಾಜು ಮಾತ್ರ.) ಇದರಲ್ಲಿ ನ್ಯಾಯವಾಗಿ ಕತ್ತರಿಸಿದ್ದೆಷ್ಟು, ಅನ್ಯಾಯದ್ದೆಷ್ಟು ಎಂದು ಆ ಕೋಷ್ಟಕದಿಂದ ತಿಳಿಯುವುದಿಲ್ಲ. ತಿಳಿಯಬೇಕಾದರೆ ಯಾರಾದರೂ ಹಟ ಹಿಡಿಯಬೇಕು. ಹಟ ಹಿಡಿದ ಒಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಪ್ರವಾಸದ ಮೆಡಿಕ್ಲೇಮ್ ಮಾಡಿಸಿ, ತನಗೆ ಸಕ್ಕರೆ ಕಾಯಿಲೆ ಇದೆ ಎಂದು ಮೊದಲೇ ಹೇಳಿ, ಅಮೆರಿಕಕ್ಕೆ ಹೋದ ಮನುಷ್ಯ. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಹೃದಯಾಘಾತ. ಕೊಬ್ಬು ಇಳಿಸುವ ಗುಳಿಗೆಯ ವಿಷಯ ಹೇಳಿರಲಿಲ್ಲ ಎಂದು ಕ್ಲೇಮು ತಿರಸ್ಕಾರ. ಆರೋಗ್ಯದ ಸ್ಥಿತಿಯನ್ನು ತಿಳಿದೇ ಪಾಲಿಸಿ ಕೊಟ್ಟ ಮೇಲೆ, ಗೊತ್ತಿದ್ದ ಕಾಯಿಲೆಯನ್ನೇ ಮುಂದೆ ಮಾಡಿ ಕೈ ಎತ್ತುವಂತಿಲ್ಲ ಎಂದಿತು ನ್ಯಾಯಾಲಯ. ಘಟನೆ 2009ರದ್ದು. ಹನ್ನೆರಡು ವರ್ಷ. ವಕೀಲರನ್ನಿಟ್ಟು ಅಷ್ಟು ವರ್ಷ ಕಾಯಬಲ್ಲವರು ನಮ್ಮ ಕೊಳ್ಳೇಗಾಲದ ಬಸ್ಸಿನಲ್ಲಿ ಎಷ್ಟು ಜನ ಇದ್ದಾರು? ಒಂಬುಡ್ಸ್‌ಮನ್ ಕಚೇರಿಗೆ ಫೀಸಿಲ್ಲ, ವಕೀಲರು ಬೇಕಿಲ್ಲ, ಐವತ್ತು ಲಕ್ಷದ ತನಕ ದೂರು ಕೊಡಬಹುದು, ತಿರಸ್ಕಾರವಾಗಿ ಒಂದು ವರ್ಷದೊಳಗೆ ಕೊಟ್ಟರೆ ಆಯಿತು. ಇಷ್ಟು ಅನುಕೂಲ ಇದ್ದೂ ನಾನು ಹೇಳುವ ತನಕ ಆ ಪದವನ್ನೇ ಕೇಳಿದ್ದವರು ನನ್ನ ಕಿಂಡಿಯ ಮುಂದೆ ಬಹಳ ಕಡಿಮೆ.

ನಿಮ್ಮ ಪೈಕಿಯೇ ಒಬ್ಬರ ಕತೆ ಹೇಳಬೇಕು. ಲಿಂಡಾ ಪೀನೋ ಎಂಬ ಅಮೆರಿಕದ ವೈದ್ಯೆ. ಅಲ್ಲಿನ ಹುಮಾನಾ ಎಂಬ ವಿಮಾ ಕಂಪನಿಯಲ್ಲಿ ಕೂತು ನಿಮ್ಮ ಹಾಗೆಯೇ ಫೈಲು ನೋಡುತ್ತಿದ್ದವರು. 1996ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯ ಮುಂದೆ ನಿಂತು, 1987ರಲ್ಲಿ ತಾನು ಒಬ್ಬ ಮನುಷ್ಯನಿಗೆ ಜೀವ ಉಳಿಸುತ್ತಿದ್ದ ಆಪರೇಷನ್ನನ್ನು ನಿರಾಕರಿಸಿದೆ, ಆತ ಸತ್ತ, ಕಂಪನಿಗೆ ಅರ್ಧ ಮಿಲಿಯನ್ ಡಾಲರ್ ಉಳಿಯಿತು, ತನ್ನನ್ನು ಯಾರೂ ಕೇಳಲಿಲ್ಲ, ಒಳ್ಳೆಯ ಕೆಲಸಗಾರ್ತಿ ಎಂಬ ಹೆಸರು ಬಂತು ಎಂದು ಹೇಳಿದರು. ಆ ರೋಗಿಯನ್ನು ಆಕೆ ನೋಡಿಯೇ ಇರಲಿಲ್ಲ. ಒಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದರು ಎಂದುಕೊಳ್ಳುತ್ತೇನೆ.

ನಾನು ನಿಮ್ಮಿಂದ ಸಂಸತ್ತಿನ ಸಾಕ್ಷಿ ಕೇಳುತ್ತಿಲ್ಲ. ಹೆಸರು ಕೇಳುತ್ತಿದ್ದೇನೆ.

ಹಳ್ಳಿಯ ಆರೋಗ್ಯ ಕೇಂದ್ರದ ಡಾಕ್ಟರು ಜ್ವರಕ್ಕೆ ಎರಡು ಪ್ಯಾರಾಸಿಟಮಾಲ್ ಬರೆದರೂ ಚೀಟಿಯಲ್ಲಿ ಸಹಿ ಇರುತ್ತದೆ, ಕೌನ್ಸಿಲ್ಲಿನ ನೋಂದಣಿ ಸಂಖ್ಯೆ ಇರಬೇಕು ಎಂಬ ನಿಯಮ ಇದೆ. ಆರು ಲಕ್ಷದ ಆಪರೇಷನ್ನು ನಿಲ್ಲಿಸುವ ನಿಮ್ಮ ಪತ್ರದ ಕೊನೆಗೆ ಏನಿರುತ್ತದೆ? ‘ಇದು ಕಂಪ್ಯೂಟರಿನಲ್ಲಿ ತಯಾರಾದ ಪತ್ರ, ಸಹಿ ಅಗತ್ಯವಿಲ್ಲ.’ ಟಿಪಿಎಯನ್ನು ಕೇಳಿದರೆ ನಾವು ಬರೀ ಅಭಿಪ್ರಾಯ ಕೊಡುವವರು, ತಿರಸ್ಕರಿಸುವ ಅಧಿಕಾರ ಕಂಪನಿಯದು ಎನ್ನುತ್ತೀರಿ. ಅದು ನಿಯಮವೂ ಹೌದು. ಕಂಪನಿಯನ್ನು ಕೇಳಿದರೆ ಟಿಪಿಎ ಡಾಕ್ಟರ ಅಭಿಪ್ರಾಯದಂತೆ ಎನ್ನುತ್ತದೆ. ನಡುವೆ ಆ ‘ಇಲ್ಲ’ ಎಂದವರು ಯಾರೂ ಇಲ್ಲ. ‘ಈ ಚಿಕಿತ್ಸೆ ಬೇಕಾಗಿಲ್ಲ’ ಎನ್ನುವುದು ವೈದ್ಯಕೀಯ ತೀರ್ಮಾನವೇ ತಾನೇ? ಅದನ್ನು ಹೇಳುವವರು ಹೆಸರು, ಓದು, ನೋಂದಣಿ ಸಂಖ್ಯೆ ಹಾಕಿ ಹೇಳಲಿ. ಕ್ಯಾನ್ಸರಿನ ಫೈಲನ್ನು ಕ್ಯಾನ್ಸರು ಓದಿದವರು ನೋಡಲಿ. ಇಲ್ಲ ಎನ್ನುವ ಮೊದಲು ಚಿಕಿತ್ಸೆ ಕೊಡುತ್ತಿರುವ ಡಾಕ್ಟರಿಗೆ ಒಂದು ಫೋನು ಹೋಗಲಿ. ಹೆಸರು ಬರೆಯಬೇಕು ಎಂದ ದಿನ ನಿಮ್ಮಲ್ಲಿ ಎಷ್ಟೋ ಜನ, ಆ ಕನ್ನಡದ ಹುಡುಗಿಯಂಥವರು, ‘ಮೇಲಿನವರಿಗೆ’ ಇದನ್ನು ನೀವೇ ಸಹಿ ಮಾಡಿ ಎನ್ನುತ್ತೀರಿ ಎಂಬ ಆಸೆ ನನಗಿದೆ.

ಮತ್ತೆ ಕಾಗದ ಕನ್ನಡದಲ್ಲಿರಲಿ. ಪಾಲಿಸಿಯ ಮುಖ್ಯಾಂಶಗಳ ಹಾಳೆಯನ್ನು ಕೇಳಿದವರಿಗೆ ಅವರ ಭಾಷೆಯಲ್ಲಿ ಕೊಡಬೇಕೆಂದು 2024ರ ಜನವರಿಯಿಂದ ನಿಯಮವಿದೆ. ಕೊಳ್ಳುವಾಗ ಕನ್ನಡ, ತಿರಸ್ಕರಿಸುವಾಗ ಇಂಗ್ಲಿಷ್ ಎಂದರೆ ಹೇಗೆ? ‘ರಿಪ್ಯೂಡಿಯೇಟೆಡ್’ ಎಂಬ ಪದವನ್ನು ನಾನು ‘ಆಗಲ್ಲ ಅಂದಿದ್ದಾರೆ ಕಣಮ್ಮ’ ಎಂದು ಎಷ್ಟು ಸಾವಿರ ಸಲ ಅನುವಾದ ಮಾಡಿದೆನೋ ಲೆಕ್ಕವಿಲ್ಲ. ಯಾಕೆ ಆಗಲ್ಲ, ಎಲ್ಲಿ ಕೇಳಬಹುದು ಎಂಬ ಎರಡನೆಯ ಪುಟವನ್ನು ರಷ್ಷಿನಲ್ಲಿ ಅನುವಾದಿಸಲು ಎಷ್ಟೋ ಸಲ ನನಗೂ ಪುರಸೊತ್ತು ಇರಲಿಲ್ಲ. ಅದು ನನ್ನ ತಪ್ಪು.

ಈಗ ನನಗೂ ಅರವತ್ತೊಂದು. ನನಗೂ ಪಾಲಿಸಿ ಇದೆ. ನನಗೂ ಬಿ.ಪಿ. ಇದೆ, ಫಾರಂನಲ್ಲಿ ಬರೆದಿದ್ದೇನೆ. ಪತ್ತೆಯಾದದ್ದು 2019ರ ಆಗಸ್ಟ್ 3, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಆ ಡಾಕ್ಟರ ಚೀಟಿಯನ್ನು ಲ್ಯಾಮಿನೇಟ್ ಮಾಡಿಸಿ ಒಂದನ್ನು ಪರ್ಸಿನಲ್ಲಿ, ಒಂದನ್ನು ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದೇನೆ. ಮನೆಯವಳಿಗೆ ಹೇಳಿಟ್ಟಿದ್ದೇನೆ: ರಾತ್ರಿ ಹೊತ್ತು ನನಗೆ ಏನಾದರೂ ಆಗಿ, ಎಮರ್ಜೆನ್ಸಿಯಲ್ಲಿ ಯಾರಾದರೂ ಎಷ್ಟು ವರ್ಷದಿಂದ ಎಂದು ಕೇಳಿದರೆ ಬಾಯಿ ಬಿಡಬೇಡ, ಈ ಚೀಟಿ ತೋರಿಸು. ಅವಳು ನನ್ನನ್ನೇ ನೋಡಿ, "ಅಷ್ಟು ಹೊತ್ತಲ್ಲಿ ನಾನು ನಿಮ್ಮ ಮುಖ ನೋಡ್ಲಾ, ಚೀಟಿ ಹುಡುಕ್ಲಾ?" ಎಂದಳು.

ಅವಳಿಗೆ ಕೊಡಲು ನನ್ನಲ್ಲಿ ಉತ್ತರ ಇರಲಿಲ್ಲ. ನಿಮ್ಮಲ್ಲಿ ಇದ್ದರೆ ಬರೆಯಿರಿ. ಹೆಸರು ಹಾಕಿ ಬರೆಯಿರಿ.

ಇತಿ,
ಹದಿನಾಲ್ಕು ವರ್ಷ ನಿಮ್ಮ ಕ್ವೆರಿಗಳಿಗೆ ಉತ್ತರ ಬರೆದವನು
ಮೈಸೂರು